ಮಲಪ್ರಭೆಯ ದಂಡೆಯಲ್ಲಿ ಗಾಳ ಹಾಕಿದ ದಿನ

ರೋಣ, ನರಗುಂದ, ಗಜೇಂದ್ರಗಡ ಎಂಬ ಹೆಸರುಗಳನ್ನು ಕೇಳಿದರೆ ಯಾರಿಗೂ ಮೀನಿನ ನೆನಪಾಗುವುದಿಲ್ಲ. ಗದಗ ಜಿಲ್ಲೆಯ ಈ ಭಾಗ ಎರೆಮಣ್ಣಿನ ಬಯಲುಸೀಮೆ. ಮುಂಗಾರಿಗೆ ಹೆಸರು, ಈರುಳ್ಳಿ, ಮೆಣಸಿನಕಾಯಿ. ಹಿಂಗಾರಿಗೆ ಬಿಳಿಜೋಳ, ಕಡಲೆ, ಕುಸುಬೆ. ಮಳೆ ಬಂದರೆ ಬೆಳೆ, ಬಾರದಿದ್ದರೆ ಗೋವಾ, ಮಂಗಳೂರಿನ ಕಡೆಗೆ ಗುಳೆ. ಗಜೇಂದ್ರಗಡವೆಂದರೆ ಗುಡ್ಡದ ಮೇಲಿನ ಕೋಟೆ, ನೇಕಾರರ ಮಗ್ಗದ ಸದ್ದು, 1787ರಲ್ಲಿ ಟಿಪ್ಪು ಸುಲ್ತಾನ್ ಮತ್ತು ಮರಾಠರ ನಡುವೆ ಆದ ಒಪ್ಪಂದ. ನರಗುಂದವೆಂದರೆ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದ ಬಾಬಾಸಾಹೇಬ ಮತ್ತು 1980ರ ಜುಲೈ 21ರ ರೈತ ಬಂಡಾಯ. ಇಲ್ಲಿನವರ ಊಟ ರೊಟ್ಟಿ, ಪಲ್ಯ, ಚಟ್ನಿ. ಮೀನು ಎಂದರೆ ಕರಾವಳಿಯವರ ಊಟ ಎಂದೇ ನಮ್ಮ ಮಕ್ಕಳು ತಿಳಿದಿದ್ದಾರೆ.

ಆದರೆ ಈ ಬಯಲಿನ ಅಂಚಿನಲ್ಲಿ ಒಂದು ಹೊಳೆ ಹರಿಯುತ್ತದೆ. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಸವದತ್ತಿ ಬಳಿಯ ನವಿಲುತೀರ್ಥದ ಅಣೆಕಟ್ಟನ್ನು ದಾಟಿ, ನರಗುಂದ ತಾಲೂಕಿನ ಕೊಣ್ಣೂರು, ರೋಣ ತಾಲೂಕಿನ ಹೊಳೆಆಲೂರುಗಳನ್ನು ಮುಟ್ಟಿ, ಮುಂದೆ ಪಟ್ಟದಕಲ್ಲು, ಐಹೊಳೆಗಳ ಪಕ್ಕದಲ್ಲಿ ಹಾದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಮಳೆಗಾಲದಲ್ಲಿ ಉಕ್ಕಿ ಹರಿಯುವ ಬೆಣ್ಣೆಹಳ್ಳ ಇದನ್ನು ಕೂಡುವುದು ರೋಣ ತಾಲೂಕಿನ ಮೆಣಸಗಿಯ ಬಳಿ. ಈ ಹೊಳೆಯ ದಂಡೆಯಲ್ಲಿ ತಲೆತಲಾಂತರದಿಂದ ಅಂಬಿಗರ ಮನೆಗಳಿವೆ. ಅಂಥ ಒಂದು ಮನೆಯ ಹಿರಿಯರೊಡನೆ ಕಳೆದ ಒಂದು ದಿನದ ಅನುಭವವನ್ನು ಓದುಗ ಸಹೋದರಿಯರ ಮುಂದಿಡುತ್ತಿದ್ದೇನೆ.

ಸಾಲ್ಮನ್ ಬೆನ್ನು ಹತ್ತಿದವನು

ಇದಕ್ಕೆಲ್ಲ ಕಾರಣನಾದವನು ನನ್ನ ಆಪಾನ ಮಗ. ಅವನು ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ ಇಂಜಿನಿಯರ್. ಕಳೆದ ಅಕ್ಟೋಬರ್ ಕೊನೆಯಲ್ಲಿ ರಜೆಗೆ ಬಂದವನ ಬಾಯಲ್ಲಿ ಒಂದೇ ಮಾತು, ಸಾಲ್ಮನ್ ಮೀನಿನದು. ಅಲ್ಲಿನ ಡೀ ನದಿಯಲ್ಲಿ ಒಂದು ದಿನ ಮೀನು ಹಿಡಿಯಲು ಅವನು ತೆತ್ತ ಹಣ ನಮ್ಮ ಕಡೆಯ ಕೂಲಿಕಾರನ ಒಂದು ತಿಂಗಳ ದುಡಿಮೆಯಷ್ಟು. ಇಷ್ಟಾಗಿಯೂ ಸಂಜೆ ಬರಿಗೈಯಲ್ಲಿ ಮನೆಗೆ ಬಂದನಂತೆ. "ಮತ್ತೆ ಖುಷಿ ಯಾಕೋ?" ಎಂದು ಆಪಾ ಕೇಳಿದರೆ, "ಅಮ್ಮೀ, ಮೀನು ಸಿಗಲಿಲ್ಲ, ಆದರೆ ಗಿಲ್ಲಿ ಸಿಕ್ಕರಲ್ಲ" ಎಂದ.

ಗಿಲ್ಲಿ ಎಂದರೆ ಅಲ್ಲಿನ ಮೀನುಗಾರಿಕೆಯ ಮಾರ್ಗದರ್ಶಿ. ನದಿಯ ಯಾವ ಕಲ್ಲಿನ ಹಿಂದೆ ಮೀನು ನಿಲ್ಲುತ್ತದೆ, ನೀರು ಎಷ್ಟು ಏರಿದಾಗ ಅದು ಮುಂದಕ್ಕೆ ಸಾಗುತ್ತದೆ, ಯಾವ ಹೊತ್ತಿಗೆ ಯಾವ ಬಣ್ಣದ ಗಾಳ ಕಟ್ಟಬೇಕು ಎಂಬುದೆಲ್ಲ ಆತನಿಗೆ ಗೊತ್ತು. ಅಲ್ಲಿ ಎರೆಹುಳು ಚುಚ್ಚುವುದಿಲ್ಲ. ಗರಿ, ಕೂದಲು, ರೇಷ್ಮೆದಾರ ಸುತ್ತಿ ಗಾಳವನ್ನೇ ಹುಳುವಿನಂತೆ ಸಿಂಗರಿಸುತ್ತಾರೆ. ಅದಕ್ಕೆ ಫ್ಲೈ ಎಂದು ಹೆಸರು. ಗಾಳಕ್ಕೆ ಭಾರವೇ ಇಲ್ಲದ ಕಾರಣ ಅದನ್ನು ದೂರಕ್ಕೆ ಒಯ್ಯುವುದು ದಾರದ ಭಾರ. ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿ ದಪ್ಪ ದಾರವನ್ನು ಗಾಳಿಯಲ್ಲಿ ಸುರುಳಿ ಬಿಚ್ಚಿಸಿ ನೀರಿನ ಮೇಲೆ ಹಗುರವಾಗಿ ಇಳಿಸಬೇಕು. ಬ್ರಿಟಿಷರ ಕಾಲದಲ್ಲಿ ಈ ಗಾಳಗಳ ಅಲಂಕಾರಕ್ಕೆ ನಮ್ಮ ದಕ್ಷಿಣ ಭಾರತದ ಕಾಡುಕೋಳಿಯ ಕೊರಳ ಗರಿಗಳೂ ಹಡಗು ಹತ್ತಿ ಹೋಗುತ್ತಿದ್ದವು ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿಯದ ಸಂಗತಿ.

ಸಾಲ್ಮನ್‌ನ ಬದುಕೇ ಒಂದು ವಿಸ್ಮಯ. ನದಿಯ ಮೇಲ್ಭಾಗದ ತಣ್ಣನೆಯ ನೀರಿನಲ್ಲಿ, ಬೆಣಚುಕಲ್ಲುಗಳ ಸಂದಿಯಲ್ಲಿ ಅದು ಹುಟ್ಟುತ್ತದೆ. ಒಂದೆರಡು ವರ್ಷ ನದಿಯಲ್ಲಿ ಬೆಳೆದು ಸಮುದ್ರಕ್ಕೆ ಹೋಗುತ್ತದೆ. ಅಲ್ಲಿ ಸಾವಿರಾರು ಮೈಲಿ ತಿರುಗಾಡಿ ಕೊಬ್ಬಿ, ಮೊಟ್ಟೆ ಇಡುವ ಕಾಲಕ್ಕೆ ತಾನು ಹುಟ್ಟಿದ ನದಿಗೇ ಮರಳುತ್ತದೆ. ತವರಿನ ನೀರಿನ ವಾಸನೆ ಅದಕ್ಕೆ ದಾರಿ ತೋರುತ್ತದೆ ಎನ್ನುತ್ತಾರೆ ವಿಜ್ಞಾನಿಗಳು. ನದಿ ಪ್ರವೇಶಿಸಿದ ಮೇಲೆ ಅದು ಆಹಾರ ಮುಟ್ಟುವುದಿಲ್ಲ. ಹಸಿವಿಲ್ಲದ ಮೀನು ಗಾಳಕ್ಕೆ ಬಾಯಿ ಹಾಕುವುದು ಸಿಟ್ಟಿನಿಂದಲೋ ಹಳೆಯ ಅಭ್ಯಾಸದಿಂದಲೋ ಇರಬೇಕು. ಸಾಲ್ಮನ್ ಹಿಡಿಯುವುದು ಅಷ್ಟು ಕಷ್ಟವಾಗಿರುವುದು ಇದರಿಂದಲೇ. ಸಮುದ್ರಕ್ಕೆ ಹೋಗಿ ಮರಳುವ ಟ್ರೌಟ್ ಮೀನಿನದ್ದೂ ಹೆಚ್ಚುಕಡಿಮೆ ಇದೇ ಕಥೆ. ಅದು ಬಲು ಅಂಜುಬುರುಕ. ಅದನ್ನು ಬಹಳವಾಗಿ ರಾತ್ರಿಯ ಕತ್ತಲಲ್ಲೇ ಹಿಡಿಯುತ್ತಾರೆ. ಅದೇ ಜಾತಿಯ ಕಂದು ಟ್ರೌಟ್‌ನ ಮೊಟ್ಟೆಗಳನ್ನು 1900ರ ಸುಮಾರಿಗೆ ಕಾಶ್ಮೀರಕ್ಕೆ ತಂದು ಬೆಳೆಸಿದರು. ಇಂದಿಗೂ ಅಲ್ಲಿನ ಲಿದ್ದರ್ ನದಿಯಲ್ಲಿ ಪರವಾನಗಿ ಪಡೆದು, ಸ್ಥಳೀಯ ಮುಸ್ಲಿಮ್ ಮಾರ್ಗದರ್ಶಿಗಳ ನೆರವಿನಿಂದ ಟ್ರೌಟ್ ಹಿಡಿಯುತ್ತಾರೆ.

ಇದು ಗಂಡಸರ ಆಟ ಎಂದುಕೊಳ್ಳಬೇಡಿ. ಬ್ರಿಟನ್ನಿನಲ್ಲಿ ಕೋಲಿನಿಂದ ಹಿಡಿದ ಅತಿ ದೊಡ್ಡ ಸಾಲ್ಮನ್‌ನ ದಾಖಲೆ ಇಂದಿಗೂ ಇರುವುದು ಒಬ್ಬ ಮಹಿಳೆಯ ಹೆಸರಿನಲ್ಲಿ. 1922ರ ಅಕ್ಟೋಬರ್ 7ರಂದು ಟೇ ನದಿಯಲ್ಲಿ ಜಾರ್ಜಿನಾ ಬ್ಯಾಲಂಟೈನ್ 64 ಪೌಂಡ್, ಅಂದರೆ 29 ಕಿಲೋ ತೂಕದ ಮೀನನ್ನು ಎರಡು ಗಂಟೆಗೂ ಹೆಚ್ಚು ಕಾಲ ಸೆಣಸಿ ದಡಕ್ಕೆ ತಂದರು. ಆಕೆ ವೃತ್ತಿಯಲ್ಲಿ ನರ್ಸ್. ದೋಣಿ ನಡೆಸಿದವರು ಗಿಲ್ಲಿಯಾಗಿದ್ದ ಆಕೆಯ ತಂದೆ.

"ಖಾಲಾ, ನಮ್ಮ ಕಡೆ ಇಂಥ ಗಿಲ್ಲಿ ಯಾರಾದರೂ ಇದ್ದಾರಾ?" ಎಂದು ಹುಡುಗ ಕೇಳಿದ. ಹೊಳೆಆಲೂರಿನ ಕಡೆಯ ಅಂಬಿಗ ಕಾಕಾ ನೆನಪಾದದ್ದು ಆಗ. ಅವರ ಮೊಮ್ಮಗಳು ನನ್ನ ವಿದ್ಯಾರ್ಥಿನಿ.

ಹೊಳೆಯ ದಾರಿ

ಗಜೇಂದ್ರಗಡದಿಂದ ನಸುಕಿನಲ್ಲಿ ಫಜ್ರ್ ನಮಾಝ್ ಮುಗಿಸಿ ಹೊರಟೆವು. ನಾನು, ಆಪಾ, ಅವಳ ಮಗ, ನನ್ನ ಇಬ್ಬರು ಮಕ್ಕಳು. ಆಪಾ ಬುತ್ತಿಯಲ್ಲಿ ಕಟಕ ರೊಟ್ಟಿ, ಶೇಂಗಾ ಚಟ್ನಿ, ಎಣ್ಣೆಗಾಯಿ, ಗಟ್ಟಿ ಮೊಸರು ಕಟ್ಟಿದ್ದಳು. "ಮೀನು ಸಿಕ್ಕರೆ ಸಿಗಲಿ, ಸಿಗದಿದ್ದರೆ ಹೊಟ್ಟೆಗೆ ಇರಲಿ" ಎಂಬುದು ಅವಳ ಮುಂದಾಲೋಚನೆ. ಗುಡ್ಡದ ಗಾಳಿಯಂತ್ರಗಳು ಹಿಂದೆ ಸರಿದವು. ಚಾಲುಕ್ಯರ ಕಾಲದ ಕಲ್ಲಿನ ಹೊಂಡವಿರುವ ಸೂಡಿಯ ಸೀಮೆ ಕಳೆದು ರೋಣ ಮುಟ್ಟಿದೆವು. ದಾರಿಯುದ್ದಕ್ಕೂ ಮೊಳಕೆಯೊಡೆದ ಜೋಳದ ಹೊಲಗಳು. ಸಾವಿರ ವರ್ಷದ ಹಿಂದೆಯೇ ಮಳೆನೀರನ್ನು ಅಷ್ಟು ಚೆಂದದ ಕಲ್ಲುಕಟ್ಟೆಯಲ್ಲಿ ಹಿಡಿದಿಟ್ಟ ನಾಡಿದು. ನೀರಿನ ಬೆಲೆ ಇಲ್ಲಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಹೊಳೆಆಲೂರು ಗದಗ–ಬಾಗಲಕೋಟೆ ರೈಲುಮಾರ್ಗದ ಹಳೆಯ ನಿಲ್ದಾಣ. ಊರು ದಾಟಿ ಹೊಳೆಗೆ ಇಳಿದಾಗ ಕಾಕಾ ಹರಗೋಲಿನ ಪಕ್ಕ ಕಾಯುತ್ತಿದ್ದರು. ಎಪ್ಪತ್ತರ ಸಮೀಪದ ವಯಸ್ಸು, ತಲೆಗೆ ಟವೆಲ್, ಮೊಣಕಾಲ ಮೇಲೆ ಕಟ್ಟಿದ ಧೋತರ. ಕೈಯಲ್ಲಿ ಬಿದಿರಿನ ಕೋಲು, ಅದಕ್ಕೆ ತಂಗೂಸಿ ದಾರ, ದಾರಕ್ಕೆ ಒಂದು ಬೆಂಡು. ಒಡೆದ ಮಡಕೆಯಲ್ಲಿ ಹಸಿ ಮಣ್ಣು ತುಂಬಿ ಎರೆಹುಳು ಇಟ್ಟಿದ್ದರು. ಹುಡುಗ ತನ್ನ ಚೀಲದಿಂದ ವಿದೇಶಿ ಕೋಲು ತೆಗೆದು ತುಂಡುಗಳನ್ನು ಒಂದಕ್ಕೊಂದು ಜೋಡಿಸಿದ. ಗರಿಯ ಗಾಳವನ್ನು ಕಾಕಾ ಅಂಗೈಯಲ್ಲಿಟ್ಟು ಬಹಳ ಹೊತ್ತು ನೋಡಿದರು. "ಕೆಲಸ ಭಾಳ ಚೊಲೊ ಐತ್ರಿ. ನಮ್ಮ ಮೀನ ಇದನ್ನ ನಂಬತಾವೋ ಇಲ್ಲೋ ನೋಡೂಣು" ಎಂದರು.

ನೀರನ್ನು ಓದುವ ವಿದ್ಯೆ

ಮೊದಲ ಅರ್ಧ ಗಂಟೆ ಕಾಕಾ ಗಾಳವನ್ನೇ ಹಾಕಲಿಲ್ಲ. ದಂಡೆಯ ಮೇಲೆ ಕುಳಿತು ಸುಮ್ಮನೆ ನೀರು ನೋಡಿದರು. ಮಕ್ಕಳು ಗದ್ದಲ ಮಾಡಿದರೆ ತುಟಿಗೆ ಬೆರಳಿಟ್ಟರು. ನಾನು ಎದ್ದು ಮುಂದೆ ಹೋದಾಗ ಮೆಲ್ಲಗೆ ಹೇಳಿದರು: "ಅಕ್ಕೋರ, ನಿಮ್ಮ ನೆರಳ ನೀರಿನ ಮ್ಯಾಲೆ ಬೀಳಬಾರದ್ರಿ. ಮೀನಿಗೂ ಕಣ್ಣ ಅದಾವು."

ಆಮೇಲೆ ಒಂದೊಂದೇ ಪಾಠ. ಬಂಡೆಗೆ ಬಡಿದು ಓಡುವ ನೀರು ಮತ್ತು ಅದರ ಪಕ್ಕದ ನಿಂತ ನೀರು ಸೇರುವ ಗೆರೆಯನ್ನು ನೋಡಬೇಕು. ಮೀನು ಆ ಗೆರೆಯ ಒಳಗೆ ನಿಲ್ಲುತ್ತದೆ. ಅಲ್ಲಿ ಈಜುವ ಶ್ರಮವಿಲ್ಲ, ತೇಲಿ ಬರುವ ತಿನಿಸು ಮೂಗಿನ ಮುಂದೆಯೇ ಹಾದುಹೋಗುತ್ತದೆ. ಹೊಸ ನೀರು ಬಂದು ಹೊಳೆ ಕೆಂಪಾದಾಗ ಕಣ್ಣಿನಿಂದ ಬೇಟೆಯಾಡುವ ಮೀನು ಸಿಗುವುದಿಲ್ಲ, ವಾಸನೆ ಹಿಡಿದು ಬರುವ ಮೀಸೆಯ ಮೀನು ಸಿಗುತ್ತದೆ. ನೀರು ತಿಳಿಯಾದರೆ ಬೆಳಗು ಮತ್ತು ಇಳಿಹೊತ್ತು ಮಾತ್ರ. ಹುಡುಗ ಕೇಳುತ್ತ ಕೇಳುತ್ತ, "ಖಾಲಾ, ಡೀ ನದಿಯ ಗಿಲ್ಲಿಯೂ ಹೆಚ್ಚುಕಡಿಮೆ ಇದನ್ನೇ ಹೇಳಿದ್ದು. ಭಾಷೆ ಬೇರೆ, ಅಷ್ಟೇ" ಎಂದ.

ಕಾಕಾ ಹೆಚ್ಚು ಮಾತಾಡುವವರಲ್ಲ. ಯಾಕೆ, ಏನು ಎಂದು ಕೇಳಿದರೆ "ತಡೀರಿ, ಗೊತ್ತಾಗತೈತಿ" ಎನ್ನುವರು. ನನಗೆ ಸೂರಾ ಅಲ್ ಕಹ್ಫ್ ನೆನಪಾಯಿತು. ಪ್ರವಾದಿ ಮೂಸಾ(ಅ) ಜ್ಞಾನವನ್ನು ಅರಸಿ ಹೊರಟಾಗ ಅವರಿಗೆ ಸ್ಥಳದ ಗುರುತಾದದ್ದು ಒಂದು ಮೀನು. ಬುತ್ತಿಯ ಮೀನು ನೀರಿಗೆ ಹಾರಿ ದಾರಿ ಮಾಡಿಕೊಂಡು ಹೋದ ಕಡೆಯಲ್ಲೇ ಅವರಿಗೆ ಆ ಸಜ್ಜನ ದಾಸ ಸಿಕ್ಕಿದ್ದು. ನಾನಾಗಿ ಹೇಳುವವರೆಗೆ ಏನನ್ನೂ ಕೇಳಬಾರದು ಎಂಬುದೇ ಅವರು ಹಾಕಿದ ಶರತ್ತು. ಅಷ್ಟು ದೊಡ್ಡ ಪ್ರವಾದಿಯೇ ತನಗೆ ತಿಳಿಯದ್ದನ್ನು ಕಲಿಯಲು ಇನ್ನೊಬ್ಬರ ಹಿಂದೆ ನಡೆದರು. ಮದ್ರಸದಲ್ಲಿ ಈ ಭಾಗವನ್ನು ಓದಿದವಳು ನಾನು, ಶಾಲೆಯಲ್ಲಿ ಪಾಠ ಹೇಳುವವಳು. ಅಕ್ಷರ ಬಾರದ ಒಬ್ಬ ಹಿರಿಯರ ಮುಂದೆ ಅಂದು ವಿದ್ಯಾರ್ಥಿನಿಯಾಗಿ ಕುಳಿತೆ.

ವಿದೇಶಿ ಗಾಳ ಬೆಳಗಿನ ಹೊತ್ತೆಲ್ಲ ಗಾಳಿಯಲ್ಲಿ ಚೆಂದವಾಗಿ ಹಾರಿತು. ಕೊನೆಗೆ ಅದಕ್ಕೆ ಸಿಕ್ಕಿದ್ದು ಅಂಗೈಯಗಲದ ಒಂದು ಜಿಲೇಬಿ ಮೀನು. ಕಾಕಾ ನಕ್ಕರು. ಜಿಲೇಬಿ ನಮ್ಮ ನಾಡಿನ ಮೀನಲ್ಲ. 1952ರಲ್ಲಿ ಭಾರತಕ್ಕೆ ತಂದ ಆಫ್ರಿಕದ ತಿಲಾಪಿಯ. ಹೋದಲ್ಲೆಲ್ಲ ಮರಿ ಹಾಕಿ ತುಂಬಿಕೊಳ್ಳುತ್ತದೆ, ಊರ ಮೀನುಗಳಿಗೆ ಜಾಗ ಬಿಡುವುದಿಲ್ಲ. ಅದಕ್ಕಿಂತ ಹೊಟ್ಟೆಬಾಕನಾದ ಆಫ್ರಿಕನ್ ಕ್ಯಾಟ್‌ಫಿಶ್ ಸಾಕುವುದನ್ನು ಕೇಂದ್ರ ಸರಕಾರ 2000ದಲ್ಲೇ ನಿಷೇಧಿಸಿತು. ಬಿದಿರಿನ ಕೋಲಿಗೆ ಶಿಂಗಟಿ ಬಿತ್ತು, ಒಂದು ಸಣ್ಣ ಬಾಳೆಮೀನು ಬಿತ್ತು. ನಾನೂ ಒಮ್ಮೆ ಕೋಲು ಹಿಡಿದೆ. ಬೆಂಡು ಮುಳುಗಿದಾಗ ಕೈಗೆ ಬರುವ ಆ ಜಗ್ಗು ಎದೆಯವರೆಗೂ ತಟ್ಟುತ್ತದೆ. ಶಿಂಗಟಿಯ ಮುಳ್ಳು ಚುಚ್ಚಿದರೆ ಗಂಟೆಗಟ್ಟಲೆ ಉರಿ, ಆದ್ದರಿಂದ ಮಕ್ಕಳನ್ನು ಮುಟ್ಟಗೊಡದೆ ಕಾಕಾ ತಾವೇ ಬಿಡಿಸಿದರು.

ಹಿಡಿದು ಬಿಡುವುದೇ?

ಮಧ್ಯಾಹ್ನ ಜಾಲಿಮರದ ನೆರಳಲ್ಲಿ ಒಂದು ಚರ್ಚೆ ಎದ್ದಿತು. ಡೀ ನದಿಯಲ್ಲಿ ಹಿಡಿದ ಸಾಲ್ಮನ್ ಅನ್ನು ಮರಳಿ ನೀರಿಗೆ ಬಿಡುವುದು ರೂಢಿ ಎಂದು ಹುಡುಗ ಹೇಳಿದ. ಕಾಕಾಗೆ ಅರ್ಥವೇ ಆಗಲಿಲ್ಲ. "ಬಿಡೂದಾದ್ರ ಹಿಡಿಯೂದ್ಯಾಕ್ರಿ? ಅದರ ಬಾಯಾಗ ಗಾಳ ಚುಚ್ಚಿ ಆಟ ಆಡೂದ?" ಎಂದರು.

ಪ್ರಶ್ನೆ ನಮ್ಮದೂ ಹೌದು. ನೀರಿನ ಬೇಟೆಯನ್ನು ಅಲ್ಲಾಹನು ನಮಗೆ ಹಲಾಲ್ ಮಾಡಿದ್ದಾನೆ. ಮೀನಿಗೆ ಝಬಹ್ ಕೂಡ ಬೇಡ. ಆದರೆ ಜೀವವಿರುವುದನ್ನು ಗುರಿಯಾಟದ ವಸ್ತು ಮಾಡುವುದನ್ನು ಪ್ರವಾದಿ(ಸ) ನಿಷೇಧಿಸಿದ್ದಾರೆ. ಮರಿಗಳನ್ನು ಕಳೆದುಕೊಂಡು ರೆಕ್ಕೆ ಬಡಿಯುತ್ತಿದ್ದ ತಾಯಿಹಕ್ಕಿಯನ್ನು ಕಂಡು, ಮರಿಗಳನ್ನು ಮರಳಿಸಿರೆಂದು ಅವರು ಆಜ್ಞಾಪಿಸಿದ ಘಟನೆ ಹದೀಸ್ ಗ್ರಂಥದಲ್ಲಿದೆ. ಹೊಟ್ಟೆಗಾಗಿ, ಜೀವನೋಪಾಯಕ್ಕಾಗಿ ಬೇಟೆಯಾಡುವುದು ಒಂದು. ಬರೀ ಮೋಜಿಗಾಗಿ ಜೀವಿಯನ್ನು ನೋಯಿಸುವುದು ಇನ್ನೊಂದು. ಇದನ್ನು ನಮ್ಮ ವಿದ್ವಾಂಸರು ಮೆಚ್ಚಿಲ್ಲ.

ಹುಡುಗನ ಮಾತಿನಲ್ಲೂ ಹುರುಳಿತ್ತು. ಅಲ್ಲಿ ಸಾಲ್ಮನ್ ಕಡಿಮೆಯಾಗುತ್ತಿವೆ. ಬ್ರಿಟನ್ನಿನ ಸಾಲ್ಮನ್ ಅನ್ನು 2023ರ ಡಿಸೆಂಬರ್‌ನಲ್ಲಿ ಅಳಿವಿನಂಚಿನ ಪಟ್ಟಿಗೆ ಸೇರಿಸಿದರು. ಕೊಂದು ಒಯ್ಯುವುದಕ್ಕಿಂತ ಬಿಡುವುದೇ ಮೇಲಲ್ಲವೇ ಎಂಬುದು ಅವನ ವಾದ. ಸ್ಕಾಟ್ಲೆಂಡಿನಲ್ಲಿ ಭಾನುವಾರ ಸಾಲ್ಮನ್ ಹಿಡಿಯುವುದನ್ನು ಕಾನೂನೇ ನಿಷೇಧಿಸಿದೆ ಎಂದೂ ಹೇಳಿದ. ಸಬ್ತ್ ದಿನ ಮೀನು ಹಿಡಿಯಬಾರದೆಂಬ ಆಜ್ಞೆಯನ್ನು ಕುಯುಕ್ತಿಯಿಂದ ಮೀರಿದ ಕಡಲತೀರದ ಊರಿನವರ ಕಥೆ ಸೂರಾ ಅಲ್ ಅಅ್‌ರಾಫ್‌ನಲ್ಲಿದೆ. ಕೈಗೆಟುಕುವಷ್ಟು ಹತ್ತಿರ ಮೀನು ಬಂದಾಗಲೂ ಕೈ ತಡೆದುಕೊಳ್ಳುವುದೇ ಅವರಿಗಿದ್ದ ಪರೀಕ್ಷೆ.

ಕಾಕಾ ಯಾವ ಗ್ರಂಥವನ್ನೂ ಓದಿದವರಲ್ಲ, ಆದರೆ ಕೈ ತಡೆಯಲು ಬಲ್ಲರು. ಅಂಗೈಗಿಂತ ಸಣ್ಣ ಮೀನುಗಳನ್ನು ಅವರು ನಮ್ಮೆದುರೇ ನೀರಿಗೆ ಬಿಟ್ಟರು. ಮುಂಗಾರಿನ ಮೊದಲ ನೀರಿಗೆ ಹೊಟ್ಟೆ ತುಂಬ ತತ್ತಿ ಹೊತ್ತು ಏರುವ ಮೀನನ್ನು ಅವರ ಮನೆಯಲ್ಲಿ ಹಿಡಿಯುವುದಿಲ್ಲ. ಕೊರವ ಮೀನಿನ ವಿಷಯವನ್ನಂತೂ ಕಣ್ಣರಳಿಸಿ ಹೇಳಿದರು. ಇದರ ಮರಿಗಳು ಕೆಂಪಗೆ, ನೂರಾರು ಒಟ್ಟಿಗೆ ಗುಂಪಾಗಿ ನೀರಿನ ಮೇಲೆ ಬರುತ್ತವೆ. ಕೆಳಗೆ ತಂದೆ ತಾಯಿ ಎರಡೂ ಕಾವಲಿರುತ್ತವೆ. ಆಗ ಮರಿಗಳ ನಡುವೆ ಗಾಳ ಬಿಟ್ಟರೆ ತಾಯಿ ಸಿಟ್ಟಿನಿಂದ ಬಂದು ಕಚ್ಚುತ್ತದೆ, ಹಿಡಿಯುವುದು ಬಲು ಸುಲಭ. "ಸುಲಭ ಐತ್ರಿ, ಆದ್ರ ಮಕ್ಕಳ ಮುಂದ ತಾಯೀನ ಹಿಡಿಯೂದು ಪಾಪ. ನಮ್ಮಪ್ಪ ಬಿಟ್ಟಿದ್ದಿಲ್ಲ" ಎಂದರು. ಆಪಾ ಹೂಂಗುಟ್ಟದೆ ಮಗನ ಮುಖ ನೋಡಿದಳು.

ಸ್ಕಾಟ್ಲೆಂಡಿನವರು ಬಿಡುವುದೂ ನಾಳೆಗಾಗಿ, ಕಾಕಾ ಬಿಡುವುದೂ ನಾಳೆಗಾಗಿ. ಆದರೆ ಕಾಕಾ ಹಿಡಿಯುವ ಮೊದಲೇ ಕೈ ತಡೆಯುತ್ತಾರೆ, ಹಿಡಿದದ್ದನ್ನು ಉಣ್ಣುತ್ತಾರೆ. ನನಗೆ ಇದೇ ಹೆಚ್ಚು ಸರಿ ಕಂಡಿತು.

ಅಂಬಿಗರ ಮನೆಯ ಅಡುಗೆ

ಹೊಳೆಯಲ್ಲಿ ವುಝೂ ಮಾಡಿ ಲುಹರ್ ನಮಾಝ್ ನಿರ್ವಹಿಸಿದೆವು. ಕಾಕಾನ ಹೆಂಡತಿ ತಾವಾಗಿಯೇ ತೊಳೆದ ಚಾಪೆ ತಂದು ಹಾಸಿದರು. ಹಿಡಿದ ಮೀನನ್ನು ಅವರೇ ಶುಚಿ ಮಾಡಿದ ರೀತಿ ಸಹೋದರಿಯರಿಗೆ ಉಪಯೋಗವಾದೀತು. ಹೊಳೆಮೀನಿಗೆ ಮಣ್ಣಿನ ವಾಸನೆ ಎಂದು ಹಲವರು ಮೂಗು ಮುರಿಯುತ್ತಾರೆ. ಅವರು ಮೀಸೆಯ ಮೀನಿನ ಲೋಳೆಯನ್ನು ಬೂದಿ ಹಚ್ಚಿ ಒರಟು ಕಲ್ಲಿಗೆ ತಿಕ್ಕಿ ತೆಗೆದರು. ಬಳಿಕ ಉಪ್ಪು, ಅರಿಸಿನ, ಹುಣಸೆರಸ ಸವರಿ ಅರ್ಧ ಗಂಟೆ ಇಟ್ಟು ತೊಳೆದರು. ಕುಸುಬೆ ಎಣ್ಣೆಯಲ್ಲಿ ಬೆಳ್ಳುಳ್ಳಿ, ಈರುಳ್ಳಿ ಬಾಡಿಸಿ, ಹುರಿದ ಒಣಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ ಅರೆದು ಹಾಕಿ, ಹುಣಸೆಹುಳಿ ಬಿಟ್ಟು ಕುದಿಸಿದರು. ಮೀನು ಕೊನೆಯಲ್ಲಿ. ಹಾಕಿದ ಮೇಲೆ ಸೌಟು ಆಡಿಸಬಾರದು, ಪಾತ್ರೆಯನ್ನೇ ಅಲುಗಿಸಬೇಕು. ಬಿಸಿ ಜೋಳದ ರೊಟ್ಟಿಯೊಂದಿಗೆ ಆ ಸಾರು ಉಂಡ ಮಕ್ಕಳು ಬುತ್ತಿಯ ಗಂಟು ಬಿಚ್ಚಲೇ ಇಲ್ಲ.

ಉಣ್ಣುವಾಗ ಆ ತಾಯಿ ಮನೆಯ ಕಥೆ ಹೇಳಿದರು. ಇಬ್ಬರು ಗಂಡುಮಕ್ಕಳೂ ಗೋವಾದಲ್ಲಿ ಕಟ್ಟಡ ಕೆಲಸಕ್ಕಿದ್ದಾರೆ. ಹರಗೋಲು ನಡೆಸಲು ಬರುವವರು ಮನೆಯಲ್ಲಿ ಈಗ ಕಾಕಾ ಒಬ್ಬರೇ. ಸಂತೆಗೆ ಮೀನು ಹೊತ್ತು ಮಾರುತ್ತಿದ್ದ ಅವರ ಬುಟ್ಟಿ ಗೋಡೆಗೆ ತೂಗುಬಿದ್ದಿದೆ. "ಹೊಳ್ಯಾಗ ನೀರ ಇದ್ರ ನಾವ್ಯಾಕ ಮಕ್ಕಳನ್ನ ದೂರ ಕಳಸ್ತಿದ್ವಿ, ತಂಗಿ" ಎಂದರು.

ದಾರಿ ಮುಚ್ಚಿದ ಮೀನುಗಳು

ಈ ಹೊಳೆಯ ಪಾಡು ಎಲ್ಲರಿಗೂ ಗೊತ್ತಿರುವುದೇ. 1970ರ ದಶಕದಲ್ಲಿ ನವಿಲುತೀರ್ಥದ ಅಣೆಕಟ್ಟು ಬಂದ ಮೇಲೆ ಎಷ್ಟೋ ಹೊಲಗಳು ನೀರು ಕಂಡವು ನಿಜ. ಅದೇ ನೀರಾವರಿಯ ಕರದ ವಿರುದ್ಧ ಎದ್ದ ನರಗುಂದದ ರೈತರು 1980ರಲ್ಲಿ ಗುಂಡಿಗೆ ಬಲಿಯಾದರು. ಮಹದಾಯಿಯ ನೀರನ್ನು ಮಲಪ್ರಭೆಗೆ ತಿರುಗಿಸಬೇಕೆಂದು ಅದೇ ಊರಿನಲ್ಲಿ 2015ರಿಂದ ವರ್ಷಗಟ್ಟಲೆ ಧರಣಿ ನಡೆಯಿತು. 2018ರಲ್ಲಿ ನ್ಯಾಯಾಧಿಕರಣ ಕರ್ನಾಟಕಕ್ಕೆ 13.42 ಟಿಎಂಸಿ ನೀರು ಹಂಚಿತು. ಅಣೆಕಟ್ಟಿನ ಕೆಳಗಿನ ಹೊಳೆಯಾದರೋ ಬೇಸಿಗೆಯಲ್ಲಿ ಒಣಗುತ್ತದೆ, 2009 ಮತ್ತು 2019ರಂಥ ವರ್ಷಗಳಲ್ಲಿ ಮನೆಗಳನ್ನೇ ಮುಳುಗಿಸುತ್ತದೆ. ಮರಳು ತೆಗೆದ ಗುಂಡಿಗಳು, ದಂಡೆಯ ಒತ್ತುವರಿ ಬೇರೆ.

ನಾವು ನೀರಿನ ಪಾಲನ್ನು ಜಿಲ್ಲೆ, ರಾಜ್ಯಗಳ ಲೆಕ್ಕದಲ್ಲಿ ಹಂಚುತ್ತೇವೆ. ಮೀನಿನ ಪಾಲನ್ನು ಯಾರೂ ಕೇಳುವುದಿಲ್ಲ. ಮಳೆಯ ಹೊಸ ನೀರಿಗೆ ಎದುರಾಗಿ ಈಜಿ ಮೊಟ್ಟೆ ಇಡಲು ಹೊರಟ ಮೀನು ಕಟ್ಟೆಗೆ ಮುಖ ಬಡಿದು ನಿಲ್ಲುತ್ತದೆ. ಬಂಗಾಳದ ಮನೆಗಳ ಪ್ರೀತಿಯ ಹಿಲ್ಸಾ ಕೂಡ ಸಾಲ್ಮನ್‌ನಂತೆಯೇ ಸಮುದ್ರದಿಂದ ನದಿಗೆ ಬರುವ ಮೀನು. ಹಿಂದೆ ಅದು ಗಂಗೆಯಲ್ಲಿ ಅಲಹಾಬಾದಿನವರೆಗೂ ಏರುತ್ತಿತ್ತು. 1975ರಲ್ಲಿ ಫರಕ್ಕಾ ಕಟ್ಟೆ ಬಂದ ಮೇಲೆ ಆ ಪಯಣ ನಿಂತಿತು.

ನಮ್ಮದೇ ಕಾವೇರಿಯ ಮಶೀರ್ ಮೀನಿನ ಕಥೆಯೂ ಕಣ್ಣ ಮುಂದಿದೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದ ಒಬ್ಬರು ಕಬಿನಿಯಲ್ಲಿ 120 ಪೌಂಡ್ ತೂಕದ ಮಶೀರ್ ಹಿಡಿದದ್ದು ಲೋಕಪ್ರಸಿದ್ಧ. ಭೀಮೇಶ್ವರಿ, ಗಾಲಿಬೋರೆಗಳ ಶಿಬಿರಗಳಿಗೆ ಇದನ್ನು ಹಿಡಿದು ಬಿಡಲು ವಿದೇಶಿಯರು ಬರುತ್ತಿದ್ದರು. ಅವರಿಗೆ ದಾರಿ ತೋರುತ್ತಿದ್ದವರು ಸುತ್ತಲಿನ ಹಳ್ಳಿಗಳ ಮೀನುಗಾರರೇ. ಹಿಂದೆ ಸಿಡಿಮದ್ದು ಎಸೆದು ಮೀನು ಕೊಲ್ಲುತ್ತಿದ್ದವರಲ್ಲೂ ಕೆಲವರು ಅಲ್ಲಿ ಸಂಬಳ ಪಡೆದು ನದಿಯ ಕಾವಲಿಗೆ ನಿಂತರು. ವನ್ಯಜೀವಿ ಕಾನೂನಿನಡಿ 2010ರ ದಶಕದ ಆರಂಭದಲ್ಲಿ ಅಭಯಾರಣ್ಯದೊಳಗಿನ ಆ ಗಾಳದ ಆಟ ನಿಂತಿತು. 2018ರಲ್ಲಿ ಆ ದೈತ್ಯ ಮಶೀರ್ ಅತ್ಯಂತ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿತು. ಆಟವನ್ನು ನಿಲ್ಲಿಸಿದ್ದು ಸರಿಯೋ ತಪ್ಪೋ ಎಂಬ ವಾದ ಬೇರೆ. ನದಿಯನ್ನು ದಿನವೂ ನೋಡುವ ಕಣ್ಣುಗಳು ಕಡಿಮೆಯಾದದ್ದಂತೂ ನಿಜ.

ನಮ್ಮ ಮಲಪ್ರಭೆಯಲ್ಲಿ ಅಂಥ ಕಣ್ಣುಗಳು ಇನ್ನೂ ಕೆಲವು ಉಳಿದಿವೆ. ರಜೆಯಲ್ಲಿ ಮಕ್ಕಳನ್ನು ದೂರದ ರೆಸಾರ್ಟಿಗೆ ಒಯ್ಯುವ ಮೊದಲು ಒಮ್ಮೆ ನಿಮ್ಮೂರಿನ ಹತ್ತಿರದ ಹೊಳೆಗೋ ಕೆರೆಗೋ ಕರೆದೊಯ್ಯಿರಿ. ಮಳೆ ಮುಗಿದ ಅಕ್ಟೋಬರ್‌ನಿಂದ ಜನವರಿಯವರೆಗೆ ಒಳ್ಳೆಯ ಕಾಲ. ಅಲ್ಲಿನ ಮೀನುಗಾರರನ್ನು ಜೊತೆಗೆ ಕರೆಯಿರಿ, ಅವರ ದಿನದ ಕೂಲಿಯನ್ನು ಚೌಕಾಸಿ ಮಾಡದೆ ಕೊಡಿರಿ. ಅವರಿಗೆ ಕೇಳದೆ ಮಕ್ಕಳನ್ನು ನೀರಿಗಿಳಿಸಬೇಡಿ, ಮರಳಿನ ಗುಂಡಿಗಳು ಮೇಲಿನಿಂದ ಕಾಣುವುದಿಲ್ಲ. ಪ್ಲಾಸ್ಟಿಕ್ ಚೀಲ, ತುಂಡಾದ ತಂಗೂಸಿ ದಾರವನ್ನು ದಂಡೆಯಲ್ಲಿ ಬಿಟ್ಟು ಬರಬೇಡಿ. ಹಕ್ಕಿಗಳ ಕಾಲಿಗೆ ಅದು ನೇಣಾಗುತ್ತದೆ.

ಹರಿಯುವ ನದಿಯ ಪಕ್ಕ ಕುಳಿತು ವುಝೂ ಮಾಡುವಾಗಲೂ ನೀರನ್ನು ದುಂದು ಮಾಡಬಾರದೆಂದು ಕಲಿತ ಸಮುದಾಯ ನಮ್ಮದು. ಆ ಪಾಠವನ್ನು ಬಚ್ಚಲುಮನೆಯ ನಲ್ಲಿಯವರೆಗೆ ಮಾತ್ರ ತಂದು ನಿಲ್ಲಿಸದೆ ಹೊಳೆಯವರೆಗೂ ಒಯ್ಯಬೇಕಾಗಿದೆ. ಹುಡುಗ ಅಬರ್ಡೀನ್‌ಗೆ ಹಿಂದಿರುಗಿದ ಮೇಲೆ ವಾರಕ್ಕೊಮ್ಮೆ ಫೋನ್ ಮಾಡುತ್ತಾನೆ. ಈಗ ಅವನು ಮೊದಲು ಕೇಳುವುದು, "ಖಾಲಾ, ಹೊಳೆಗೆ ನೀರು ಬಂತಾ?" ಎಂದು.